ಕೂಡುವುದು ಬೇಡವೆಂದವರೂ ಇದ್ದರು

ಕಳೆದ ರಾಜ್ಯೋತ್ಸವಕ್ಕೆ ವಿಜಯನಗರದ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆ. ಹುಡುಗನೊಬ್ಬ, 'ಅಂದು ಕನ್ನಡಿಗರೆಲ್ಲ ಒಂದೇ ದನಿಯಲ್ಲಿ ಏಕೀಕರಣ ಕೇಳಿದರು' ಎಂದ. ತೀರ್ಪುಗಾರನಾಗಿದ್ದ ನಾನು, 'ಹಾಗೇನಿಲ್ಲಪ್ಪ, ಹಳೇ ಮೈಸೂರಿನಲ್ಲಿ ಬೇಡವೆಂದವರೂ ಇದ್ದರು' ಎಂದೆ. ಹಿಂದಿನ ಬೆಂಚಿನಿಂದ ರಾಯಚೂರು ಕಡೆಯ ಹುಡುಗಿ ಎದ್ದು ನಿಂತಳು. ಅವಳ ತಂದೆ ಗಾರೆ ಕೆಲಸಕ್ಕೆಂದು ಇಲ್ಲಿಗೆ ಬಂದವರು. 'ಹಂಗಾರ ನಾವು ಕೂಡೋದು ನಿಮಗ ಬ್ಯಾಡಾಗಿತ್ತೇನ್ರಿ ಸರ್?' ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ಬಾಕಿ ಉಳಿಯಿತು.

1956ಕ್ಕೆ ಮುಂಚೆ ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ರಾಜ್ಯಗಳಲ್ಲಿ ಹಂಚಿಹೋಗಿದ್ದರು. ಧಾರವಾಡದ ಕಡೆ ಏಕೀಕರಣದ ಹಂಬಲ ಬಲವಾಗಿತ್ತು. 1953ರಲ್ಲಿ ಅದರಗುಂಚಿ ಶಂಕರಗೌಡರು ಇದಕ್ಕಾಗಿ ಉಪವಾಸವನ್ನೇ ಕೈಗೊಂಡರು. ಮೈಸೂರಿನಲ್ಲಿ ಮಾತ್ರ ಅಭಿಪ್ರಾಯ ಎರಡಾಗಿತ್ತು. ನಮ್ಮ ತಂದೆ ಆಗ ತುಮಕೂರಿನಲ್ಲಿ ಓದುತ್ತಿದ್ದ ಹುಡುಗ. 'ಜೋಗದ ಕರೆಂಟನ್ನು ಅವರಿಗೂ ಹಂಚಿದರೆ ನಮಗೇನು ಉಳಿದೀತು?' ಎಂದು ಹಿರಿಯರು ಜಗಲಿಯಲ್ಲಿ ಮಾತಾಡಿಕೊಳ್ಳುತ್ತಿದ್ದುದನ್ನು ಅವರು ನೆನೆಯುತ್ತಿದ್ದರು.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿದ ರಾಜ್ಯ ಮೈಸೂರು. ಶಿಕ್ಷಣ, ನೀರಾವರಿ, ಕೈಗಾರಿಕೆಗಳಲ್ಲೂ ಮುಂದಿತ್ತು. ಬಿಸಿನೀರಿಗೆ ತಣ್ಣೀರು ಬೆರೆಸಿದರೆ ಬಿಸಿ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಜೊತೆಗೆ ಹೊಸ ರಾಜ್ಯದಲ್ಲಿ ಯಾವ ಜಾತಿಯ ಕೈ ಮೇಲಾದೀತು ಎಂಬ ಅಳುಕೂ ಇತ್ತು.

ಜನಮತ ತಿಳಿಯಲು ಮತದಾನವೇನೂ ನಡೆಯಲಿಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ದೇಶವಿಡೀ ಸುತ್ತಿತು. ಅದಕ್ಕೆ ಬಂದ ಪತ್ರ, ಮನವಿಗಳು 1,52,250. ಅವುಗಳಲ್ಲಿ ಚೆನ್ನಾಗಿ ಯೋಚಿಸಿ ಬರೆದವು ಸುಮಾರು 2,000 ಮಾತ್ರ ಎಂದು ಆಯೋಗವೇ ಹೇಳಿತು! ಒಂಬತ್ತು ಸಾವಿರಕ್ಕೂ ಹೆಚ್ಚು ಜನರೊಡನೆ ಮಾತನಾಡಿ, 1955ರ ಸೆಪ್ಟೆಂಬರಿನಲ್ಲಿ ವರದಿ ಒಪ್ಪಿಸಿತು. ಮೈಸೂರಿನ ಆತಂಕಗಳನ್ನೆಲ್ಲ ತೂಗಿ ನೋಡಿ, ಒಂದೇ ಕನ್ನಡ ರಾಜ್ಯವಾಗಲಿ ಎಂದಿತು. ಸ್ವಪಕ್ಷೀಯರಲ್ಲೇ ವಿರೋಧವಿದ್ದರೂ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ಹೊಸ ರಾಜ್ಯ ಹುಟ್ಟಿತು. ಹೆಸರು ಮಾತ್ರ ಮೈಸೂರು ಎಂದೇ ಉಳಿದು, 1973ರಲ್ಲಿ ಕರ್ನಾಟಕವಾಯಿತು.

ಬಿಸಿನೀರಿನ ಲೆಕ್ಕ ಏನಾಯಿತು? ವಿದ್ಯಾರ್ಥಿಗಳೇ, ಎರಡು ಚೆಂಬಿನ ನೀರನ್ನು ಬೆರೆಸುವಾಗ ಹೊರಗಿನಿಂದ ಶಾಖ ಬರುವುದಿಲ್ಲ ಎಂದು ಇಟ್ಟುಕೊಂಡು ಲೆಕ್ಕ ಮಾಡುತ್ತೇವೆ. ನಾಡು ಚೆಂಬಲ್ಲ. ಅಂದು ಮುಂಬೈ ರಾಜ್ಯದಲ್ಲಿದ್ದ ಉತ್ತರ ಕನ್ನಡದ ಕಾಳಿ ನದಿಯಿಂದ ಮುಂದೆ ನಮಗೆ ಜಲವಿದ್ಯುತ್ ಬಂತು. ಅಂದು ಹೈದರಾಬಾದಿಗೆ ಸೇರಿದ್ದ ರಾಯಚೂರಿನಲ್ಲಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಲ್ಲಿ ಶುರುವಾಯಿತು. ರಾಜಾಜಿನಗರದ ಕಾರ್ಖಾನೆಯಲ್ಲಿ ಯಂತ್ರ ತಿರುಗಿಸುವ ವಿದ್ಯುತ್ತಿನಲ್ಲಿ ಯಾವ ಊರಿನದು ಎಷ್ಟು ಎಂದು ಬಿಡಿಸಿ ಹೇಳಲಾಗದು. ಜಾಲದಲ್ಲಿ ಎಲ್ಲವೂ ಬೆರೆತಿರುತ್ತದೆ.

ಕೊಟ್ಟವರಿಗೆ ಸಿಕ್ಕಿದ್ದೆಷ್ಟು ಎಂಬ ಪ್ರಶ್ನೆಯೂ ಇದೆ. 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರ್ಗಿ ವಿಭಾಗದವು. ಆ ಭಾಗಕ್ಕಾಗಿಯೇ ಸಂವಿಧಾನಕ್ಕೆ 371(ಜೆ) ವಿಧಿ ಸೇರಲು 2013ರವರೆಗೆ ಕಾಯಬೇಕಾಯಿತು. ಅಂದರೆ, ಕೂಡಿದ್ದರಿಂದ ಮೈಸೂರು ಬಡವಾಗಲಿಲ್ಲ. ಆದರೆ ಕೂಡಿದವರೆಲ್ಲ ಸಮನಾಗಿಯೂ ಬೆಳೆಯಲಿಲ್ಲ.

ಮಾರನೆಯ ದಿನ ಆ ಹುಡುಗಿಗೆ ಇಷ್ಟನ್ನೂ ಹೇಳಿದೆ. 'ಹೌದಮ್ಮ, ಕೆಲವರಿಗೆ ಬೇಡವಾಗಿತ್ತು. ಅವರ ಲೆಕ್ಕ ತಪ್ಪಾಯಿತು. ನಿಮ್ಮ ಪಾಲಿನ ಲೆಕ್ಕವನ್ನು ನಾವಿನ್ನೂ ತೀರಿಸಿಲ್ಲ' ಎಂದೆ. ಅವಳು ನಕ್ಕು, 'ಮುಂದಿನ ವರ್ಷ ಭಾಷಣಕ್ಕ ನಾನೂ ನಿಲ್ತೀನ್ರಿ ಸರ್' ಎಂದಳು.