ಪರದೇಶದ ಪಾರ್ಸಲು: ಅಂಚೆಯೋ, ಕೊರಿಯರೋ, ಹಡಗೋ?

ಹೊರದೇಶದಿಂದ ಒಂದು ಸಾಮಾನು ತರಿಸಬೇಕಾದರೆ ಯಾವ ದಾರಿ ಅಗ್ಗವೆಂದು ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಆಗಾಗ ಕೇಳುವುದುಂಟು. ಒಬ್ಬರ ತಮ್ಮ ದುಬೈಯಲ್ಲಿದ್ದಾನೆ, ಇನ್ನೊಬ್ಬರ ಮಗಳು ಅಮೆರಿಕದಲ್ಲಿದ್ದಾಳೆ. ಮತ್ತೊಬ್ಬರಿಗೆ ಅಲ್ಲಿ ಯಾರೂ ಇಲ್ಲ. ಆದರೆ ಇಲ್ಲಿ ದೊರೆಯದ ಒಂದು ಪುಸ್ತಕವನ್ನೋ, ತಾಯಿಯ ಕಿವಿಯ ಯಂತ್ರದ ಬಿಡಿಭಾಗವನ್ನೋ ಲಂಡನ್ನಿನ ಅಂಗಡಿಯಿಂದಲೇ ತರಿಸಬೇಕಾಗಿದೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಸಾಗಣೆಗೆಂದು ಎರಡು ಸಾವಿರ ಕೊಟ್ಟು ನಿಶ್ಚಿಂತೆಯಿಂದಿದ್ದವರಿಗೆ ಮನೆಬಾಗಿಲಲ್ಲಿ ಮತ್ತೆರಡು ಸಾವಿರ ಕೇಳಿದರೆ ಆ ತಿಂಗಳ ಲೆಕ್ಕವೇ ಕೆಡುತ್ತದೆ.

ಕಿಲೋಗೆ ಎಷ್ಟು ಎಂಬುದೊಂದನ್ನೇ ನೋಡಿ ದಾರಿ ಆರಿಸುವುದರಿಂದ ಹೀಗಾಗುತ್ತದೆ. ಖರ್ಚು ಮೂರು ಕಡೆಯಿಂದ ಬರುತ್ತದೆ: ಸಾಗಣೆಯ ದರ, ಸರ್ಕಾರದ ಸುಂಕ, ಮತ್ತು ಸುಂಕದ ಕೆಲಸ ಮಾಡಿಕೊಡುವವರ ಕೂಲಿ. ಈ ಮೂರನ್ನೂ ಕೂಡಿಸಿ ನೋಡಿದ ಮೇಲೆಯೇ ಅಗ್ಗ ಯಾವುದು, ತುಟ್ಟಿ ಯಾವುದು ಎಂದು ಹೇಳಬಹುದು.

ಅಂಚೆಯಿಂದ ಆರಂಭಿಸೋಣ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ ದೇಶದೇಶಗಳ ಅಂಚೆಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು; 1876ರಲ್ಲಿ ಭಾರತವೂ ಸೇರಿತು. ಪರದೇಶದ ಅಂಚೆಗೆ ಕೊಟ್ಟ ಪೊಟ್ಟಣವನ್ನು ನಮ್ಮ ಬಡಾವಣೆಯ ಅಂಚೆಯವರೇ ತಂದುಕೊಡುವುದು ಈ ಏರ್ಪಾಟಿನಿಂದಲೇ. ಪಾರ್ಸಲು ಮೊದಲು ಕೋಲ್ಕತ್ತ, ದೆಹಲಿ, ಮುಂಬಯಿ ಮುಂತಾದೆಡೆ ಇರುವ ವಿದೇಶೀ ಅಂಚೆ ಕಚೇರಿಗಳಲ್ಲಿ ಒಂದಕ್ಕೆ ಬರುತ್ತದೆ. ಅಲ್ಲಿ ಸುಂಕದ ಅಧಿಕಾರಿಗಳು ಮೇಲಿನ ಚೀಟಿ ನೋಡುತ್ತಾರೆ, ಬೇಕೆನಿಸಿದರೆ ಬಿಚ್ಚಿ ನೋಡುತ್ತಾರೆ, ಸುಂಕ ಗೊತ್ತುಮಾಡುತ್ತಾರೆ. ಅದನ್ನೂ ಅಂಚೆಯ ಅಲ್ಪ ಶುಲ್ಕವನ್ನೂ ಪಾರ್ಸಲು ಕೊಡುವಾಗ ವಸೂಲು ಮಾಡಿ ರಸೀತಿ ಕೊಡುತ್ತಾರೆ. ನಡುವೆ ದಲ್ಲಾಳಿ ಇಲ್ಲ. ಆದ್ದರಿಂದ ಐದಾರು ಕಿಲೋ ಒಳಗಿನ, ಅವಸರವಿಲ್ಲದ ಸಾಮಾನಿಗೆ ಅಂಚೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ತಡವಾಗುವುದು ಮಾತ್ರ ನಿಜ. ಅಮೆರಿಕದಿಂದ ಹಡಗಿನ ಅಂಚೆಯಲ್ಲಿ ಅಗ್ಗವಾಗಿ ತರಿಸುತ್ತಿದ್ದೆವೆಂದು ಹಳಬರು ಹೇಳುತ್ತಾರಷ್ಟೆ. ಆ ದೇಶದ ಅಂಚೆಯವರು ಅದನ್ನು 2007ರಲ್ಲೇ ನಿಲ್ಲಿಸಿದರು.

ಕಳಿಸುವವರು ಕೊಡುವ ಹದಿಮೂರು ಅಕ್ಷರ-ಅಂಕಿಗಳ ಸಂಖ್ಯೆಯನ್ನು ಓದಲು ಕಲಿಯುವುದು ಒಳ್ಳೆಯದು. ಮೊದಲಿನ ಅಕ್ಷರ 'ಇ' ಆಗಿದ್ದರೆ ಶೀಘ್ರ ಅಂಚೆ, 'ಸಿ' ಆದರೆ ಪಾರ್ಸಲು, 'ಆರ್' ಆದರೆ ರಿಜಿಸ್ಟರು. ಕೊನೆಯ ಎರಡು ಅಕ್ಷರ ಹೊರಟ ದೇಶದ ಗುರುತು. 'ಯು' ಇದ್ದರೆ ಅದು ದಾರಿಯುದ್ದಕ್ಕೂ ಜಾಡು ಹಿಡಿಯಲಾಗದ ಸಾದಾ ಪೊಟ್ಟಣ. ಅಂಗಡಿಯವರು ಅಗ್ಗವೆಂದು ಅದರಲ್ಲಿ ಕಳಿಸಿದರೆ, ಕಳೆದುಹೋದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕೊರಿಯರಿನವರು ನಾಲ್ಕೈದು ದಿನದಲ್ಲಿ ತಂದುಕೊಡಬಲ್ಲರು. ಆದರೆ ಅವರ ತಕ್ಕಡಿ ಬೇರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಹಣ ಅದಕ್ಕೇ. ಒಂದು ರಜಾಯಿಯನ್ನು 50, 40, 40 ಅಳತೆಯ ಪೆಟ್ಟಿಗೆಯಲ್ಲಿಟ್ಟರೆ ಗುಣಲಬ್ಧ 80,000. ಭಾಗಿಸಿದರೆ 16 ಕಿಲೋ. ತಕ್ಕಡಿಯಲ್ಲಿ ಅದು ನಾಲ್ಕೇ ಕಿಲೋ ತೂಗಿದರೂ ಹದಿನಾರಕ್ಕೆ ಕೊಡಬೇಕು. ಸೆಣಬಿನ ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಇದು ಆಶ್ಚರ್ಯವಲ್ಲ. ಸೆಣಬನ್ನು ಯಂತ್ರದಲ್ಲಿ ಒತ್ತಿ ಬಿಗಿಯಾಗಿ ಬೇಲು ಕಟ್ಟುವುದು ಜಾಗಕ್ಕೆ ಬಾಡಿಗೆ ಉಂಟೆಂದೇ ಅಲ್ಲವೆ? ಬಟ್ಟೆಬರೆಯನ್ನು ಒತ್ತಿ ಚಿಕ್ಕ ಪೆಟ್ಟಿಗೆಯಲ್ಲಿ ತುಂಬಲು ಕಳಿಸುವವರಿಗೆ ಹೇಳಿದರೆ ಅರ್ಧ ಹಣ ಉಳಿದೀತು. ಪುಸ್ತಕಗಳ ಮಾತು ಬೇರೆ: ಅವು ಜಾಗ ಕಡಿಮೆ ಹಿಡಿದು ತೂಕ ಹೆಚ್ಚು ತೂಗುತ್ತವೆ, ಕೊರಿಯರಿಗೆ ಸಲ್ಲ.

ಕೊರಿಯರಿನಲ್ಲಿ ಸುಂಕವನ್ನು ಅವರೇ ಮೊದಲು ಕಟ್ಟಿ, ಆಮೇಲೆ ತಮ್ಮ ಕೂಲಿ ಸೇರಿಸಿ ನಮ್ಮಿಂದ ತೆಗೆದುಕೊಳ್ಳುತ್ತಾರೆ. ಸಣ್ಣ ಸಾಮಾನಿಗೆ ಈ ಕೂಲಿಯೇ ಸುಂಕವನ್ನು ಮೀರುವುದುಂಟು. ಗುರುತಿನ ಕಾಗದವನ್ನೂ ಕೇಳುತ್ತಾರೆ. ಅದರಲ್ಲಿರುವ ಹೆಸರೂ ಪೆಟ್ಟಿಗೆಯ ಮೇಲಿನ ಹೆಸರೂ ಒಂದೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಬರೆದು ಕಳಿಸಿದರೆ ತೊಂದರೆ.

ಹಡಗು ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗದು. ಅದರಲ್ಲಿ ದರ ಒಂದು ಘನಮೀಟರಿಗೆ ಇಲ್ಲವೆ ಒಂದು ಟನ್ನಿಗೆ, ಯಾವುದು ಹೆಚ್ಚೋ ಅದಕ್ಕೆ. ಹೂಗ್ಲಿ ನದಿಯ ಆಳ ಸಾಲದ್ದರಿಂದ ದೊಡ್ಡ ಹಡಗುಗಳು ಕೋಲ್ಕತ್ತದವರೆಗೆ ಬರಲಾರವು. ಕೊಲಂಬೊ, ಸಿಂಗಪುರಗಳಲ್ಲಿ ಸರಕನ್ನು ಚಿಕ್ಕ ಹಡಗಿಗೆ ಬದಲಾಯಿಸುತ್ತಾರೆ. ಬಂದ ಮೇಲೆ ಬಂದರಿನ ಶುಲ್ಕ, ಸುಂಕದ ಏಜೆಂಟರ ಹಣ, ತಡವಾದರೆ ದಂಡ. ಊರು ಬಿಟ್ಟು ಬರುವವರು ಮನೆಸಾಮಾನನ್ನೆಲ್ಲಾ ತರುವುದಾದರೆ ಸರಿ, ಒಂದೆರಡು ಪೆಟ್ಟಿಗೆಗೆ ಬೇಡ.

ಇನ್ನು ಸುಂಕ. ಇದನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಸಾಗಣೆಯನ್ನೂ ವಿಮೆಯನ್ನೂ ಕೂಡಿಸುತ್ತಾರೆ. ವಿಮಾನದಲ್ಲಿ ಬಂದದ್ದಕ್ಕೆ ಸಾಗಣೆಯ ಪಾಲು ಬೆಲೆಯ ಶೇಕಡಾ 20ನ್ನು ಮೀರಿ ಹಿಡಿಯಕೂಡದೆಂದು ನಿಯಮವಿದೆ. 3000 ರೂಪಾಯಿಯ ಸಾಮಾನಿಗೆ ವಿಮಾನದ ಸಾಗಣೆ 2000 ಆದರೂ ಲೆಕ್ಕಕ್ಕೆ ಬರುವುದು 600 ಮಾತ್ರ.

'ಉಡುಗೊರೆ ಎಂದು ಬರೆಸಿದರೆ ಸುಂಕವಿಲ್ಲ' ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಅದು ಹಳೆಯ ಕಥೆ. ಹಿಂದೆ 5000 ರೂಪಾಯಿವರೆಗಿನ ಉಡುಗೊರೆಗೆ ಮಾಫಿ ಇತ್ತು. 2019ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿ, ಜೀವರಕ್ಷಕ ಔಷಧಿಗೂ ರಾಖಿಗೂ ಮಾತ್ರ ಉಳಿಸಿತು. ಅದೂ ರಾಖಿಯ ದಾರಕ್ಕೆ. ಜೊತೆಗಿಟ್ಟ ಉಡುಗೊರೆಗೆ ಅಲ್ಲ! ಸುಂಕ ಕೊಟ್ಟು ಉಡುಗೊರೆ ತರಿಸಲು ಅಡ್ಡಿಯಿಲ್ಲ. ಬೆಲೆ ಕಡಿಮೆ ಬರೆಸುವುದನ್ನಂತೂ ಮಾಡಬೇಡಿ. ಪಾರ್ಸಲು ಕಳೆದುಹೋದರೆ ಪರಿಹಾರವನ್ನು ಬರೆಸಿದ ಬೆಲೆಗಿಂತ ಹೆಚ್ಚು ಕೇಳಲು ಬಾಯಿಯಿರದು.

ಔಷಧಿ ತರಿಸುವವರು ವೈದ್ಯರ ಚೀಟಿಯ ಒಂದು ಪ್ರತಿಯನ್ನು ಪೆಟ್ಟಿಗೆಯೊಳಗೆ ಇಡಿಸಿ, ಇನ್ನೊಂದನ್ನು ಕೈಯಲ್ಲಿಟ್ಟುಕೊಳ್ಳಬೇಕು. ಪ್ರಮಾಣ ಹೆಚ್ಚಾದರೆ ಔಷಧ ನಿಯಂತ್ರಣ ಇಲಾಖೆಗೆ '12ಎ' ನಮೂನೆಯಲ್ಲಿ ಅರ್ಜಿ ಹಾಕಿ '12ಬಿ' ಪರವಾನಗಿ ಪಡೆಯಬೇಕು. ಇದನ್ನು ಸಾಮಾನು ಹೊರಡುವ ಮೊದಲೇ ಮಾಡಿರಿ. ಔಷಧಿ ಕಚೇರಿಯಲ್ಲಿ ಬಿದ್ದಿರುವಾಗ ಮನೆಯಲ್ಲಿ ರೋಗಿ ಕಾಯುವುದು ಯಾರಿಗೂ ಬೇಡ.

ಮೋಸದ ಮಾತೊಂದುಂಟು. 'ನಿಮ್ಮ ಪಾರ್ಸಲು ಸುಂಕದಲ್ಲಿ ಸಿಕ್ಕಿದೆ, ಅದರಲ್ಲಿ ನಿಷಿದ್ಧ ವಸ್ತು ಇದೆ, ಕೂಡಲೆ ಹಣ ಕಟ್ಟದಿದ್ದರೆ ಬಂಧಿಸುತ್ತೇವೆ' ಎಂದು ಫೋನಿನಲ್ಲಿ ಹೆದರಿಸಿ ಜೀವಮಾನದ ಉಳಿತಾಯ ಕಿತ್ತುಕೊಂಡ ಪ್ರಕರಣಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಸುಂಕದ ಇಲಾಖೆ ಹೀಗೆ ಫೋನಿನಲ್ಲಿ ಬೆದರಿಸಿ ಯಾರ ಖಾಸಗಿ ಖಾತೆಗೂ ಹಣ ಹಾಕಿಸಿಕೊಳ್ಳುವುದಿಲ್ಲ. 2019ರ ನವೆಂಬರಿನಿಂದ ಅವರ ಕಾಗದಗಳ ಮೇಲೆ ಒಂದು ಗುರುತಿನ ಸಂಖ್ಯೆ ಇರಬೇಕೆಂದು ಕಟ್ಟಳೆಯಾಗಿದೆ. ಅದು ನಿಜವೋ ಸುಳ್ಳೋ ಎಂದು ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಫೋನು ಬಂದರೆ ಇಟ್ಟುಬಿಡಿ.

ವಿಳಾಸದ ವಿಷಯ ನಮ್ಮ ಸಾಲ್ಟ್ ಲೇಕಿನವರು ಮುಖ್ಯವಾಗಿ ಗಮನಿಸತಕ್ಕದ್ದು. ಇಲ್ಲಿ ಮನೆ ಹುಡುಕುವುದು ಬೀದಿಯ ಹೆಸರಿನಿಂದಲ್ಲ, ಬ್ಲಾಕಿನ ಅಕ್ಷರ ಮತ್ತು ಮನೆ ಸಂಖ್ಯೆಯಿಂದ. ಅವನ್ನು ಬರೆದು, ಸೆಕ್ಟರು, ಬಿಧಾನನಗರ, ಕೋಲ್ಕತ್ತ, ಪಿನ್ ಸಂಖ್ಯೆ, ಭಾರತ ಎಂದು ಪೂರ್ತಿ ಬರೆಸಿರಿ. ಅಮೆರಿಕದ ಯೂಟಾ ಪ್ರಾಂತ್ಯದಲ್ಲೂ ಒಂದು ಸಾಲ್ಟ್ ಲೇಕ್ ಪಟ್ಟಣವಿದೆ, ನಮ್ಮದಕ್ಕಿಂತ ಹಳೆಯದು. ನಾವು ಕೆಲಸಕ್ಕೆ ಹೋದ ಹೊತ್ತಿನಲ್ಲೇ ಅಂಚೆಯವರು ಬರುವುದರಿಂದ, ಹಗಲು ಮನೆಯಲ್ಲಿರುವವರ ಫೋನು ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಬರೆಸಿ, ಸುಂಕದ ಹಣವನ್ನು ಅವರ ಕೈಯಲ್ಲೇ ಕೊಟ್ಟು ಹೋಗಿರಿ.