ಜೀಪಿನಡಿಯ ಎಣ್ಣೆಯ ಕಲೆ

ಕೊಡಗಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳಿಗೆ ಇನ್ನೂ ವಿಶ್ರಾಂತಿ ದೊರೆತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿಯವರು ೧೯೪೦ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರ ವಂಶದ ಗಾಡಿಗಳು ಇಂದಿಗೂ ತೋಟಗಳಲ್ಲಿ ಮೂಟೆ ಹೊರುತ್ತವೆ. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಏರಿಸುತ್ತವೆ. ಅವು ನಿಂತೆದ್ದ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆಯೊಂದು ಉಳಿಯುವುದುಂಟು. ಹಳೆಯ ಗಾಡಿಯೆಂದ ಮೇಲೆ ಎಣ್ಣೆ ಸೋರದಿದ್ದೀತೇ ಎಂದು ನಕ್ಕು ಸುಮ್ಮನಾಗುವವರೇ ಹೆಚ್ಚು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ೨೦ ಹನಿಗೆ ೧ ಮಿಲಿಲೀಟರೆಂದು ಹಿಡಿದರೆ, ನಿಮಿಷಕ್ಕೊಂದು ಹನಿಯಂತೆ ದಿನಕ್ಕೆ ೧,೪೪೦ ಹನಿ, ಅಂದರೆ ೭೨ ಮಿಲಿಲೀಟರು. ಎರಡು ವಾರದಲ್ಲಿ ಒಂದು ಲೀಟರು! ಇಂತಹ ಎಂಜಿನಿನ ಹೊಟ್ಟೆಯಲ್ಲಿರುವುದೇ ಸುಮಾರು ೪ ಲೀಟರು. ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯೊಂದು ನಿಂತು, ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ. ಎಣ್ಣೆ ತಗ್ಗಿದಾಗ ಸಂಪಾಜೆ ಘಟ್ಟದಂತಹ ಕಡಿದಾದ ತಿರುವಿನಲ್ಲಿ ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರಿತೆಂದರೆ ಆ ಪೊರೆ ಹರಿಯುತ್ತದೆ. ಬೇರಿಂಗು ಕೆಡಲು ಬಹಳ ಹೊತ್ತು ಬೇಕಿಲ್ಲ.

ಎಂಜಿನು ಒಂದೇ ಎರಕದ ಗಡಿಗೆಯಲ್ಲ. ಅದರ ಭಾಗಗಳು ಕೂಡುವ ಕಡೆ ಬೆಂಡಿನ ಅಥವಾ ಕಾಗದದ ಗ್ಯಾಸ್ಕೆಟ್ಟುಗಳೂ, ದಂಡವು ಹೊರಬರುವ ಕಡೆ ರಬ್ಬರಿನ ಸೀಲುಗಳೂ ಇರುತ್ತವೆ. ವರ್ಷಗಟ್ಟಲೆ ಕಾದು ಬೆಂಡು ಕುಗ್ಗುತ್ತದೆ, ರಬ್ಬರು ಗಡುಸಾಗುತ್ತದೆ. ಆದರೆ ಎಲ್ಲ ಸೋರಿಕೆಗೂ ರಬ್ಬರನ್ನೇ ದೂರುವುದು ಅನ್ಯಾಯ. ಸವೆದ ಪಿಸ್ಟನ್ನಿನ ಪಕ್ಕದಿಂದ ಉರಿದ ಅನಿಲವು ಕೆಳಗಣ ಎಣ್ಣೆಯ ಕೋಣೆಗೆ ನುಸುಳುತ್ತದೆ. ಅದು ಹೊರಹೋಗಲೆಂದೇ ಉಸಿರುಕೊಳವೆಯೊಂದಿದೆ; ಮೆಕ್ಯಾನಿಕರು ಅದನ್ನು ಬ್ರೀದರ್ ಎನ್ನುತ್ತಾರೆ. ಅದರಲ್ಲಿ ಮಡ್ಡಿ ಕಟ್ಟಿದರೆ ಒಳಗೆ ಒತ್ತಡವೇರಿ, ಎಣ್ಣೆಯು ಬಿರುಕು ಕಂಡಲ್ಲೆಲ್ಲ ಹೊರನುಗ್ಗುತ್ತದೆ. ಆಗ ಹೊಸ ಸೀಲು ಹಾಕಿದರೂ ಅದು ಬೇಗನೆ ಒಸರತೊಡಗುವುದುಂಟು. ಹಣ ತೆರುವ ಮೊದಲು ಹೆಚ್ಚು ಖರ್ಚಿಲ್ಲದೆ ಶುಚಿಮಾಡಬಹುದಾದ ಈ ಕೊಳವೆಯನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಬೆಟ್ಟದ ನಾಡಿನಲ್ಲಿ ಇನ್ನೊಂದು ತೊಡಕುಂಟು. ಜೀಪಿನ ಎಂಜಿನು ಉದ್ದುದ್ದವಾಗಿ ಕುಳಿತಿರುವುದರಿಂದ, ಏರು ಹತ್ತುವಾಗ ಎಣ್ಣೆ ಹಿಂದಕ್ಕೆ ಸರಿದು ಹಿಂಬದಿಯ ಸೀಲಿನ ಬಳಿ ಮಡುಗಟ್ಟುತ್ತದೆ. ಅಲ್ಲಿ ಸೋರಿದ್ದು ಕ್ಲಚ್ಚಿಗೆ ತಗುಲಿದರೆ, ಎಂಜಿನು ಕೂಗಿದರೂ ಗಾಡಿ ಮುಂದೆ ಸರಿಯದು. ಏರಿನಲ್ಲಿ ಇದು ಸಣ್ಣ ಅಪಾಯವಲ್ಲ. ಇದೇ ಕಾರಣದಿಂದ ಇಳಿಜಾರಿನಲ್ಲಿ ಅಳತೆಕಡ್ಡಿ ಸುಳ್ಳು ಹೇಳುತ್ತದೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ಆರಿಸಿ, ಕೆಲವು ನಿಮಿಷ ಬಿಟ್ಟು ನೋಡತಕ್ಕದ್ದು.

ಹನಿ ಬಿದ್ದ ಜಾಗವೇ ತೂತಿನ ಜಾಗವೆಂದು ತಿಳಿಯಬಾರದು. ಮೇಲಿನ ಮುಚ್ಚಳದಲ್ಲಿ ಒಸರಿದ ಎಣ್ಣೆ ಕೆಳಗಿಳಿದು, ಓಡುವ ಗಾಡಿಯ ಗಾಳಿಗೆ ಹಿಂದೆ ಸರಿದು, ಎಲ್ಲಿಯೋ ತೊಟ್ಟಿಕ್ಕುತ್ತದೆ. ತಣ್ಣಗಾದ ಎಂಜಿನನ್ನು ತೊಳೆದು ಒಣಗಿಸಿ, ಅನುಮಾನವಿರುವೆಡೆ ಮುಖದ ಪೌಡರನ್ನು ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರೆ, ಮೊದಲು ಒದ್ದೆಯಾದ ಕಡೆಯೇ ಮೂಲವನ್ನು ತೋರಿಸುತ್ತದೆ. ತಗಡಿನ ಮುಚ್ಚಳದ ಬೋಲ್ಟುಗಳನ್ನು ಬಲವಾಗಿ ಬಿಗಿಯುವುದು ಪರಿಹಾರವಲ್ಲ. ತಗಡು ಬಾಗಿ, ಬೆಂಡು ಹಿಸುಕಿ, ಸೋರಿಕೆ ಹೆಚ್ಚುತ್ತದೆ. ಸೋರಿಕೆ ತಡೆಯುವುದೆಂದು ಮಾರುವ ಕೆಲವು ದ್ರವಗಳು ಗಡುಸಾದ ರಬ್ಬರನ್ನು ಕೊಂಚ ಉಬ್ಬಿಸಬಲ್ಲವು. ಕುಗ್ಗಿದ ಬೆಂಡಿಗಾಗಲಿ ಸವೆದ ದಂಡಕ್ಕಾಗಲಿ ಅವುಗಳಿಂದ ಉಪಯೋಗವಿಲ್ಲ.

ಬಿದ್ದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಬಳಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ಉರಿದ ಇಂಧನದ ಶೇಷವೂ ಬೆರೆತಿರುತ್ತವೆ. ಒಂದು ಹನಿ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾಗಿ ಹರಡಿದರೆ ೧,೦೦೦ ಚದರ ಸೆಂಟಿಮೀಟರು ನೀರನ್ನು ಮುಚ್ಚೀತು. ಮುಂಗಾರು ಹಿಡಿದಾಗ ಸಂಪಾಜೆಯ ಕಡೆಯ ಕಲೆ ಪಯಸ್ವಿನಿಯನ್ನು ಸೇರಿ ಕಾಸರಗೋಡಿನತ್ತ ಸಾಗುತ್ತದೆ; ಮಡಿಕೇರಿಯಿಂದ ಪೂರ್ವದ ತೋಟಗಳದು ಕಾವೇರಿಯತ್ತ. ದುರಸ್ತಿಯಾಗುವವರೆಗೆ ನಿಂತ ಜೀಪಿನಡಿಯಲ್ಲಿ ಮರದ ಹೊಟ್ಟು ಹರಡಿದ ತಗಡಿನ ತಟ್ಟೆಯೊಂದನ್ನು ಮಳೆ ತಾಗದಂತೆ ಇರಿಸಬಹುದು. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಡಬ್ಬಿಯಲ್ಲಿ ತುಂಬಿ, ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.