ಮಾತು ಬಲ್ಲವರ ಮನಸ್ತಾಪ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಹಿರಿಯರ ಮಾತು. ಆದರೆ ಊಟ ಬಡಿಸುವ ಸ್ಥಳದಲ್ಲಿಯೇ, ಬಲ್ಲ ಮಾತಿನಿಂದಲೇ ಮನಸ್ತಾಪ ಹುಟ್ಟಿದ ಪ್ರಸಂಗವೊಂದುಂಟು.

ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣ. ಅಲ್ಲಿನ ನೌಕರರ ಉಪಾಹಾರಗೃಹದಲ್ಲಿ ಬಡಿಸುವ ಕೆಲಸಕ್ಕೆ ಭಾರತ ಮತ್ತು ಪಾಕಿಸ್ತಾನ ಮೂಲದ ಹೆಂಗಸರು ಹೊಸದಾಗಿ ಸೇರಿದ್ದರು. ಇವರು ಸಿಡುಕಿನವರು, ಹೊಂದಿಕೊಳ್ಳದವರು ಎಂಬ ಭಾವನೆ ಮೇಲ್ವಿಚಾರಕರಲ್ಲಿಯೂ ಊಟಕ್ಕೆ ಬರುವ ಕೆಲಸಗಾರರಲ್ಲಿಯೂ ಬೇರೂರಿತು. ತಮ್ಮನ್ನು ಕಂಡರೆ ಜನರೇಕೆ ಮುಖ ಗಂಟಿಕ್ಕುತ್ತಾರೆಂಬುದು ಆ ಹೆಂಗಸರಿಗೆ ಬಿಡಿಸಲಾಗದ ಒಗಟು.

ಭಾಷಾವಿಜ್ಞಾನಿ ಜಾನ್ ಗಂಪರ್ಜ್ ತಮ್ಮ 1982ರ ‘ಡಿಸ್ಕೋರ್ಸ್ ಸ್ಟ್ರಾಟಜೀಸ್’ ಗ್ರಂಥದಲ್ಲಿ ಈ ಒಗಟಿನ ಗುಟ್ಟನ್ನು ಬಿಡಿಸಿಟ್ಟಿದ್ದಾರೆ. ಮಾಂಸದ ಮೇಲೆ ಸುರಿಯುವ ರಸಕ್ಕೆ ಅಲ್ಲಿ ‘ಗ್ರೇವಿ’ ಎನ್ನುತ್ತಾರೆ. ಬೇಕೇ ಎಂದು ಕೇಳುವಾಗ ಆಂಗ್ಲ ಹೆಂಗಸು ‘ಗ್ರೇವಿ?’ ಎಂದು ದನಿಯನ್ನು ಕೊನೆಯಲ್ಲಿ ಏರಿಸುತ್ತಾಳೆ. ನಮ್ಮವರು ಅದೇ ಪದವನ್ನು ದನಿಯಿಳಿಸಿ ಆಡುತ್ತಿದ್ದರು. ಕೇಳಿದವನ ಕಿವಿಗೆ ಅದು ‘ಇದು ಗ್ರೇವಿ’ ಎಂದಂತೆ! ಕಣ್ಣಿಗೆ ಕಾಣುವುದನ್ನು ಹೇಳಬೇಕೆ? ಅದೇ ಉದ್ಧಟತನವಾಗಿ ತೋರಿತು.

ಕನ್ನಡಿಗನೂ ಈ ತೊಡಕಿಗೆ ಹೊರತಲ್ಲ. ‘ಸಾರು ಬೇಕೆ?’ ಎನ್ನುವಾಗ ಪ್ರಶ್ನೆ ಪದದ ಕೊನೆಯ ಎಕಾರದಲ್ಲಿಯೇ ಕುಳಿತಿದೆ. ‘ನೀರು ಕೊಡಿ’ ಎಂಬಲ್ಲಿನ ಗೌರವ ಕ್ರಿಯಾಪದದ ತುದಿಯಲ್ಲಿದೆ. ಇದನ್ನೇ ‘ಗಿವ್ ಮಿ ವಾಟರ್’ ಎಂದು ಮಾಡಿದೊಡನೆ ಆ ಗೌರವ ದಾರಿಯಲ್ಲೇ ಉದುರಿಹೋಗುತ್ತದೆ. ನೀನು, ನೀವು ಎಂಬ ಭೇದವಿಲ್ಲದ ಇಂಗ್ಲಿಷಿನಲ್ಲಿ ಮರ್ಯಾದೆಯ ಭಾರವನ್ನು ‘ಕುಡ್’, ‘ವುಡ್’, ‘ಪ್ಲೀಸ್’ಗಳೂ ದನಿಯ ಏರಿಳಿತವೂ ಹೊರಬೇಕು. ಉತ್ತರ ಕೊಡುವಾಗಲೂ ಎಚ್ಚರ ಬೇಕು. ಕಿಟಕಿ ತೆರೆಯಲು ಅನುಮತಿ ಬೇಡಿ ‘ಡು ಯೂ ಮೈಂಡ್?’ ಎಂದವರಿಗೆ ಒಪ್ಪಿಗೆಯೆಂದು ‘ಯೆಸ್’ ಎಂದರೆ, ‘ನನ್ನ ಆಕ್ಷೇಪಣೆಯಿದೆ’ ಎಂದಂತಾಗುತ್ತದೆ. ಅಲ್ಲಿ ‘ನಾಟ್ ಅಟ್ ಆಲ್’ ಎನ್ನುವುದೇ ಸೌಜನ್ಯ.

ವ್ಯಾಕರಣದ ತಪ್ಪನ್ನು ಕೇಳಿದವರು ‘ಪಾಪ, ಭಾಷೆ ಬಾರದು’ ಎಂದು ಕ್ಷಮಿಸುತ್ತಾರೆ. ಸೌಜನ್ಯದ ತಪ್ಪನ್ನಾದರೋ ಭಾಷೆಯ ತಪ್ಪೆಂದು ಬಗೆಯುವುದಿಲ್ಲ, ಸ್ವಭಾವದ ದೋಷವೆಂದೇ ತಿಳಿಯುತ್ತಾರೆ. 1983ರಲ್ಲಿ ಜೆನ್ನಿ ಥಾಮಸ್ ಎಂಬ ವಿದುಷಿ ಎತ್ತಿ ತೋರಿಸಿದ ಸತ್ಯವಿದು. ವಾಕ್ಯ ಶುದ್ಧವಾಗಿದ್ದಷ್ಟೂ ಅಪಾರ್ಥ ಹೆಚ್ಚು. ನಿರರ್ಗಳವಾಗಿ ಮಾತನಾಡುವವನಿಗೆ ವಿನಯ ಮಾತ್ರ ತಿಳಿಯದೆಂದು ಯಾರು ನಂಬಿಯಾರು?

ಹಾಗಾದರೆ ಕಲಿಸುವ ಬಗೆ ಹೇಗೆ? ಶಿಷ್ಟಾಚಾರದ ನುಡಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಲದು. ವಿಮಾನ ನಿಲ್ದಾಣದಲ್ಲಿ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಕೇಳಿಸಿದರು. ಮೊದಮೊದಲು ಆ ಹೆಂಗಸರಿಗೆ ಎರಡು ದನಿಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಶಿಕ್ಷಕಿ ವಿವರಿಸಿದ ಮೇಲೆ ಒಗಟು ಒಡೆಯಿತು. ತರಗತಿಯಲ್ಲಿಯೂ ಹೀಗೆಯೇ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಒಬ್ಬನಿಂದ ಕೇಳಿಸಿ, ಇನ್ನೊಬ್ಬನಿಂದ ಒಪ್ಪಿಗೆ, ನಿರಾಕರಣೆ, ಕೃತಜ್ಞತೆಗಳನ್ನು ಆಡಿಸಬಹುದು. ಕೇಳಿದವನಿಗೆ ಹೇಗೆನಿಸಿತೆಂಬುದನ್ನು ಅವನ ಬಾಯಿಂದಲೇ ಹೇಳಿಸುವುದು ಮುಖ್ಯ.

ಆ ಪಾಠ ಹೆಂಗಸರಿಗಷ್ಟೇ ಆಗಲಿಲ್ಲ. ಇಳಿದನಿ ಅವರ ಸಹಜ ಪ್ರಶ್ನೆಯ ರೀತಿ, ಅದರಲ್ಲಿ ಒರಟುತನದ ಸುಳಿವೂ ಇಲ್ಲವೆಂದು ಮೇಲ್ವಿಚಾರಕರೂ ಅರಿತರು. ಸಂಬಂಧ ಸುಧಾರಿಸಿತು. ಮಾತು ಬಲ್ಲವನಿಗೆ ಜಗಳವಿಲ್ಲ, ನಿಜ. ಕೇಳಲು ಬಲ್ಲವನೂ ಎದುರಿಗಿರಬೇಕು, ಅಷ್ಟೆ.